ಎರಡರ ಪಕ್ಕದ ಚುಕ್ಕಿ

ನಮ್ಮ ಕುಂದಾಪುರದ ಕಡೆ ಒಂದು ಮಾತು ಬಳಕೆಯಲ್ಲಿದೆ: ‘ವೀಸಾ ಬಂತು’. ಮಳೆ ಬಂತು, ಹಬ್ಬ ಬಂತು, ಹುಡುಗಿಗೆ ಸಂಬಂಧ ಬಂತು ಎನ್ನುವ ಹಾಗೆಯೇ ಇದೂ. ಯಾರು ಕಳಿಸಿದರು, ಯಾವ ಕೆಲಸಕ್ಕೆ ಕಳಿಸಿದರು, ಅದರಲ್ಲಿ ಏನು ಬರೆದಿದೆ ಎಂದು ಆ ಹೊತ್ತಿಗೆ ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನ ನುಡಿದಂತಾಗುತ್ತದೆ. ದೇವಸ್ಥಾನಕ್ಕೆ ಹಣ್ಣುಕಾಯಿ ಮಾಡಿಸುತ್ತಾರೆ, ಸೊಸೈಟಿಯಲ್ಲಿ ಬಳೆ ಅಡವಿಡುತ್ತಾರೆ, ಪೇಟೆಗೆ ಹೋಗಿ ದೊಡ್ಡ ಪೆಟ್ಟಿಗೆ ತರುತ್ತಾರೆ. ಕಾಗದ ಮಾತ್ರ ಪ್ಲಾಸ್ಟಿಕ್ ಚೀಲದೊಳಗೆ ಮಡಚಿದ ಹಾಗೇ ಇರುತ್ತದೆ.

ಈ ಮಾತು ಮತ್ತೆ ನೆನಪಾದದ್ದು ಒಂದು ಸಿನೆಮಾದಿಂದ. 2024ರ ಏಪ್ರಿಲ್‌ನಲ್ಲಿ ನಾನೂ ನನ್ನ ಚಿಕ್ಕಮ್ಮನ ಮಗಳೂ ಉಡುಪಿಯಲ್ಲಿ ‘ಆಡುಜೀವಿತಂ’ ನೋಡಿದೆವು. ಬ್ಲೆಸ್ಸಿ ನಿರ್ದೇಶಿಸಿದ, ಪೃಥ್ವಿರಾಜ್ ನಟಿಸಿದ ಚಿತ್ರ. ಬೆನ್ಯಾಮಿನ್ ಅವರು 2008ರಲ್ಲಿ ಬರೆದ ಮಲಯಾಳಂ ಕಾದಂಬರಿ ಅದರ ಮೂಲ. ನಿಜವಾಗಿ ನಡೆದದ್ದನ್ನು ಅನುಭವಿಸಿದವನ ಬಾಯಿಂದಲೇ ಕೇಳಿ ಬರೆದ ಆ ಪುಸ್ತಕ ನೂರಕ್ಕೂ ಹೆಚ್ಚು ಮುದ್ರಣ ಕಂಡಿದೆ. ನಜೀಬ್ ಎಂಬ ಹೊಳೆಮರಳು ತೆಗೆಯುವ ಕೂಲಿ, ಗುರುತಿನವರೊಬ್ಬರ ಮೂಲಕ ವೀಸಾ ಪಡೆದು, ಮನೆಯನ್ನೂ ಹೆಂಡತಿ ಸೈನುವಿನ ಒಂದಿಷ್ಟು ಚಿನ್ನವನ್ನೂ ಅಡವಿಟ್ಟು ಸೌದಿಗೆ ಹೋಗುತ್ತಾನೆ. ವಿಮಾನ ನಿಲ್ದಾಣದಲ್ಲಿ ಕರೆದೊಯ್ಯಲು ಬರಬೇಕಾದವರು ಕಾಣುವುದಿಲ್ಲ. ಕೊನೆಗೆ ಬಂದ ಒಬ್ಬನ ಹಿಂದೆ ಅವನೂ ಜೊತೆಗಾರ ಹುಡುಗ ಹಕೀಮನೂ ಹೋಗುತ್ತಾರೆ. ಆಮೇಲೆ ಮೂರು ವರ್ಷಕ್ಕೂ ಮೇಲೆ ಮರಳುಗಾಡಿನಲ್ಲಿ ಆಡು ಕಾಯುವ ಗುಲಾಮಗಿರಿ.

ಚಿತ್ರಮಂದಿರದಲ್ಲಿ ಎಲ್ಲರೂ ಮರಳುಗಾಡಿನ ದೃಶ್ಯಗಳಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡೆ. ನನ್ನ ತಂಗಿ ಮಾತ್ರ ವಿಮಾನ ನಿಲ್ದಾಣದ ದೃಶ್ಯ ಮುಗಿದ ಮೇಲೆ ಪರದೆಯನ್ನೇ ಸರಿಯಾಗಿ ನೋಡಲಿಲ್ಲ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಒಂದೇ ಮಾತು ಹೇಳಿದಳು: “ಅವ್ರಿಬ್ರೂ ಕಾಗ್ದ ಓದ್ಲೇ ಇಲ್ಲ ಅಕ್ಕ.”

ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕೊಡುವ ಯೋಗ್ಯತೆ ನನಗಿರಲಿಲ್ಲ. ಏಕೆಂದರೆ 2012ರಲ್ಲಿ ಅವಳ ಕಾಗದವನ್ನು ಓದಿದವಳು ನಾನು.

ಅದನ್ನು ಇಲ್ಲಿ ಹೇಳದೆ ಈ ಚಿತ್ರದ ಬಗ್ಗೆ ಬರೆದರೆ ಅದು ಪ್ರಾಮಾಣಿಕವಾಗುವುದಿಲ್ಲ. ತಂಗಿಯ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ, ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಇಬ್ಬರು ಮಕ್ಕಳ ಫೀಸು ಅದರಲ್ಲಿ ಹುಟ್ಟುತ್ತಿರಲಿಲ್ಲ. ಕುವೈತ್‌ನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸ, ಒಳ್ಳೆಯ ಸಂಬಳ, ಎರಡು ವರ್ಷಕ್ಕೊಮ್ಮೆ ರಜೆ ಎಂದು ಒಬ್ಬ ಏಜೆಂಟ್ ಹೇಳಿದ. ಸುಮಾರು ಒಂದು ಲಕ್ಷ ಕೇಳಿದ. ನನ್ನ ಚಿಕ್ಕಮ್ಮ ತನ್ನ ಕೊನೆಯ ಎರಡು ಬಳೆ ತೆಗೆದುಕೊಟ್ಟರು. ಒಂದು ಸಂಜೆ ‘ವೀಸಾ ಬಂತು’. ತಂಗಿ ಜೆರಾಕ್ಸ್ ಪ್ರತಿ ಹಿಡಿದುಕೊಂಡು ನನ್ನ ಮನೆಗೆ ಬಂದಳು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕುಟುಂಬದಲ್ಲಿ ಯಾವ ಕಾಗದ ಬಂದರೂ ಅದು ನನ್ನ ಕೈಗೇ ಬರುವುದು ವಾಡಿಕೆ.

“ಒಂದ್ಸಲ ಕಂಡ್ ಹೇಳಿ ಅಕ್ಕ, ಎಲ್ಲ ಸಮ ಇತ್ತಾ?” ಅಂದಳು.

ಕಾಗದದ ಹೆಚ್ಚಿನ ಭಾಗ ಅರಬ್ಬಿಯಲ್ಲಿತ್ತು. ಅಲ್ಲಲ್ಲಿ ಇಂಗ್ಲಿಷ್. ನಾನು ಕನ್ನಡಕ ಹಾಕಿಕೊಂಡು ಅವಳ ಹೆಸರಿನ ಸ್ಪೆಲ್ಲಿಂಗ್ ನೋಡಿದೆ, ಪಾಸ್‌ಪೋರ್ಟಿನ ಸಂಖ್ಯೆ ತಾಳೆ ನೋಡಿದೆ, ಹುಟ್ಟಿದ ತಾರೀಕು ನೋಡಿದೆ. ಒಂದು ಕಡೆ ಅರಬ್ಬಿ ಅಂಕಿಯಲ್ಲಿ ಏನೋ ಬರೆದಿತ್ತು, ಅದರ ಪಕ್ಕದಲ್ಲೊಂದು ಚುಕ್ಕಿ. ಪೂರ್ಣವಿರಾಮವಿರಬೇಕು ಅಂದುಕೊಂಡೆ. “ಎಲ್ಲ ಸರಿಯಾಗಿದೆ, ಧೈರ್ಯವಾಗಿ ಹೋಗು” ಎಂದೆ.

ಅರಬ್ಬಿಯಲ್ಲಿ ಸೊನ್ನೆಯನ್ನು ಚುಕ್ಕಿಯಾಗಿ ಬರೆಯುತ್ತಾರೆಂಬುದು ನನಗೆ ಎರಡು ವರ್ಷದ ಮೇಲೆ ಗೊತ್ತಾಯಿತು. ಅಲ್ಲಿದ್ದದ್ದು ಎರಡು ಮತ್ತು ಒಂದು ಪೂರ್ಣವಿರಾಮವಲ್ಲ, ಇಪ್ಪತ್ತು. ಕುವೈತ್‌ನಲ್ಲಿ ವಾಸದ ಪರವಾನಗಿಗಳನ್ನು ಕಲಂಗಳ ಅಂಕಿಯಿಂದ ಗುರುತಿಸುತ್ತಾರೆ. 18 ಎಂದರೆ ಖಾಸಗಿ ಕಂಪನಿ, ಅಂಗಡಿಗಳ ಕೆಲಸ. 20 ಎಂದರೆ ಮನೆಗೆಲಸ. 22 ಎಂದರೆ ಕುಟುಂಬದವರು. ಅಲ್ಲಿಗೆ ಹೋಗಿ ಬಂದವರು ಈ ಅಂಕಿಗಳನ್ನು ನಮ್ಮ ಬಸ್ಸಿನ ನಂಬರಿನ ಹಾಗೆ ಮಾತಿನಲ್ಲಿ ಬಳಸುತ್ತಾರೆ. 18 ಮತ್ತು 20ರ ನಡುವಿನ ವ್ಯತ್ಯಾಸ ಆಗ ಸಣ್ಣದಾಗಿರಲಿಲ್ಲ. ಅಲ್ಲಿನ 2010ರ ಕಾರ್ಮಿಕ ಕಾಯ್ದೆ ಅಂಗಡಿಯ ಕೆಲಸದವಳಿಗೆ ಅನ್ವಯಿಸುತ್ತಿತ್ತು, ಮನೆಗೆಲಸದವಳನ್ನು ಹೊರಗಿಟ್ಟಿತ್ತು. ಮನೆಗೆಲಸದವರಿಗೆಂದು ಬೇರೆ ಕಾಯ್ದೆ, ವಾರಕ್ಕೊಂದು ರಜೆ, ದಿನಕ್ಕೆ ಹನ್ನೆರಡು ಗಂಟೆಯ ಮಿತಿ ಇವೆಲ್ಲ ಬಂದದ್ದು 2015ರಲ್ಲಿ. ನನ್ನ ತಂಗಿ ಅಷ್ಟರಲ್ಲಿ ವಾಪಸು ಬಂದಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ವೀಸಾ ಮತ್ತು ಕೆಲಸದ ಪರವಾನಗಿ ಒಂದೇ ಎಂದು ನಾವು ತಿಳಿದಿದ್ದೇವೆ. ವೀಸಾ ಎಂದರೆ ಆ ದೇಶದ ಬಾಗಿಲು ದಾಟಲು ಅಪ್ಪಣೆ, ಅಷ್ಟೆ. ದಾಟಿದ ಮೇಲೆ ವೈದ್ಯಕೀಯ ಪರೀಕ್ಷೆ, ಬೆರಳಚ್ಚು ಎಲ್ಲ ಮುಗಿದು, ಯಾರ ಬಳಿ ಯಾವ ಕೆಲಸ ಮಾಡಬಹುದು ಎಂಬ ಪರವಾನಗಿ ಆಗುತ್ತದೆ. ಅದರ ಮೇಲೆ ಕೆಲಸ ಕೊಡುವವನ ಹೆಸರಿರುತ್ತದೆ. ಗಲ್ಫ್ ದೇಶಗಳಲ್ಲಿ ಅವನಿಗೆ ಕಫೀಲ್ ಎನ್ನುತ್ತಾರೆ. ಆ ಹೆಸರಿನವನನ್ನು ಬಿಟ್ಟು ಬೇರೆಯವರಲ್ಲಿ ದುಡಿದರೆ ದುಡಿದವಳೇ ಅಪರಾಧಿ. ಹಾಗಾಗಿ ಬದುಕು ನಿಂತಿರುವುದು ಎರಡು ಪದಗಳ ಮೇಲೆ: ಒಂದು ಹೆಸರು, ಒಂದು ಕೆಲಸ. ನಾನು ಸ್ಪೆಲ್ಲಿಂಗ್ ನೋಡಿದೆ, ಈ ಎರಡನ್ನು ನೋಡಲಿಲ್ಲ.

ಈಗ ಪುಸ್ತಕಕ್ಕೆ ಮರಳುತ್ತೇನೆ. ‘ಆಡುಜೀವಿತಂ’ ಕಾದಂಬರಿಯ ಕೊನೆಯ ಹೊತ್ತಿಗೆ, ತಪ್ಪಿಸಿಕೊಂಡು ಬಂದ ನಜೀಬ್ ಜೈಲಿನಲ್ಲಿರುತ್ತಾನೆ. ಓಡಿಹೋದ ಕೆಲಸದವರನ್ನು ಗುರುತಿಸಲು ಯಜಮಾನರು ಅಲ್ಲಿಗೆ ಬರುತ್ತಾರೆ. ಅವನನ್ನು ಅಷ್ಟು ವರ್ಷ ಹಿಂಸಿಸಿದ ಯಜಮಾನನೂ ಬರುತ್ತಾನೆ, ಎದುರು ನಿಲ್ಲುತ್ತಾನೆ, ಸುಮ್ಮನೆ ಮುಂದೆ ಹೋಗುತ್ತಾನೆ. ಕಾರಣ ಆಮೇಲೆ ತಿಳಿಯುತ್ತದೆ: ನಜೀಬ್ ಅವನ ವೀಸಾದಲ್ಲಿ ಬಂದವನೇ ಅಲ್ಲ. ಆಗಿದ್ದರೆ ಎಳೆದುಕೊಂಡೇ ಹೋಗುತ್ತಿದ್ದ.

ನನ್ನ ಪಾಲಿಗೆ ಇಡೀ ಕಾದಂಬರಿಯ ಅತ್ಯಂತ ಭಯಂಕರ ಜಾಗ ಇದು. ಹಸಿವಲ್ಲ, ಬಾಯಾರಿಕೆಯಲ್ಲ, ಆಡುಗಳ ನಡುವೆ ಮಲಗುವುದಲ್ಲ. ಅಷ್ಟೂ ಯಾತನೆ ಒಂದು ತಪ್ಪಾದ ಹೆಸರಿನಿಂದ ಹುಟ್ಟಿತ್ತು, ಆ ಹೆಸರೇ ಕೊನೆಗೆ ಅವನನ್ನು ಉಳಿಸಿತು. ಬೆನ್ಯಾಮಿನ್ ಇದನ್ನು ಗಟ್ಟಿ ದನಿಯಲ್ಲಿ ಹೇಳುವುದಿಲ್ಲ. ಓದುವವರು ಪುಟ ಹಿಂದಕ್ಕೆ ತಿರುವಿ, ವಿಮಾನ ನಿಲ್ದಾಣದ ಅಧ್ಯಾಯವನ್ನು ಮತ್ತೆ ಓದುವಂತೆ ಮಾಡುತ್ತಾರೆ. ಅವರು ಸ್ವತಃ ಬಹಳ ವರ್ಷ ಬಹ್ರೇನಿನಲ್ಲಿ ದುಡಿದವರು. ಕಾಗದದ ಬೆಲೆ ಅವರಿಗೆ ಗೊತ್ತು.

ಸಿನೆಮಾ ಈ ಕಾಗದದ ಕಥೆಯನ್ನು ಮರಳಿನಲ್ಲಿ ಹೂತುಬಿಟ್ಟಿದೆ ಎಂಬುದು ನನ್ನ ದೂರು. ಬ್ಲೆಸ್ಸಿಯವರ ಶ್ರಮವನ್ನೂ ಪೃಥ್ವಿರಾಜ್ ದೇಹ ಕರಗಿಸಿಕೊಂಡು ಮಾಡಿದ ಅಭಿನಯವನ್ನೂ ನಾನು ಕಡೆಗಣಿಸುತ್ತಿಲ್ಲ. ಆದರೆ ಕ್ಯಾಮೆರಾಕ್ಕೆ ಮರಳುಗಾಡಿನ ಮೇಲೆ ಮೋಹ. ಬಿರುಗಾಳಿ, ಒಂಟೆಯ ಕಣ್ಣು, ನೀರಿಗಾಗಿ ಚಾಚಿದ ನಾಲಗೆ ಇವೆಲ್ಲ ದೊಡ್ಡ ಪರದೆಯಲ್ಲಿ ಸೊಗಸಾಗಿ ಕಾಣುತ್ತವೆ, ಸಂಕಟವೂ ಸೊಗಸಾಗಿಬಿಡುತ್ತದೆ. ಊರು ಎಂದರೆ ಹಸಿರು, ಹೊಳೆ, ಹೆಂಡತಿಯೊಡನೆ ನೀರಾಟ, ಹಾಡು. ಸೈನು ಅವನ ಕನಸಿನಲ್ಲಿ ಬರುವವಳು. ಕಾದಂಬರಿಯಲ್ಲಿ ನಜೀಬ್ ಅವಳಿಗೆ ಮನಸ್ಸಿನಲ್ಲೇ ಪತ್ರ ಬರೆಯುತ್ತಾನೆ, ತಾನು ಸುಖವಾಗಿದ್ದೇನೆ ಎಂದು ಸುಳ್ಳು ಬರೆಯುತ್ತಾನೆ. ಆ ಸುಳ್ಳು ಪತ್ರಗಳಲ್ಲಿ ಸೈನು ಒಬ್ಬ ಓದುಗಳಾಗಿದ್ದಳು. ಚಿತ್ರದಲ್ಲಿ ಅವಳು ನೆನಪು ಮಾತ್ರ. ಚಿನ್ನ ಬಿಚ್ಚಿಕೊಟ್ಟವಳು ಆ ಚಿನ್ನ ಯಾವ ಕಾಗದಕ್ಕೆ ಹೋಯಿತು ಎಂದು ಒಮ್ಮೆಯಾದರೂ ಕೇಳಿದಳೇ? ನಮ್ಮ ಊರಿನಲ್ಲಿ ಬಳೆ ಬಿಚ್ಚಿದ ಹೆಂಗಸರೆಲ್ಲ ನನಗೆ ನೆನಪಾದರು. ಅವರಲ್ಲಿ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ಹಾಗಿದ್ದರೆ ಕೇಳದೆ ಇದ್ದದ್ದೇ ಒಂದು ದೃಶ್ಯವಾಗಬೇಕಿತ್ತು.

ಹೆಂಗಸರ ಕಥೆಯನ್ನೇ ಹೇಳಿದ ಚಿತ್ರಗಳೂ ಇವೆ. ಕಮಲ್ ಅವರ ‘ಗದ್ದಾಮ’ ಬಂದದ್ದು 2011ರಲ್ಲಿ, ತಂಗಿ ಹೊರಡುವ ಹಿಂದಿನ ವರ್ಷ. ಮನೆಗೆಲಸದವಳು ಎಂಬ ಅರ್ಥದ ಅರಬ್ಬಿ ಪದ ಬಾಯಿಂದ ಬಾಯಿಗೆ ಸವೆದು ಗದ್ದಾಮ ಆಗಿದೆ. ಗಂಡನನ್ನು ಕಳೆದುಕೊಂಡ ಅಶ್ವತಿ ಸೌದಿಯ ಮನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಹಿಂಸೆ ತಾಳಲಾರದೆ ಓಡಿಹೋಗುತ್ತಾಳೆ, ಮರಳುಗಾಡಿನಲ್ಲಿ ದಿಕ್ಕುತಪ್ಪುತ್ತಾಳೆ. ಕಾವ್ಯಾ ಮಾಧವನ್ ಅವರಿಗೆ ಕೇರಳ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ತಂದ ಪಾತ್ರ. ನಾನು ಅದನ್ನು ಬಹಳ ತಡವಾಗಿ, ತಂಗಿ ಹಿಂದಿರುಗಿದ ಮೇಲೆ ನೋಡಿದೆ. ಅವಳ ಬಗ್ಗೆ ಮರುಕ ಹುಟ್ಟಿಸಲು ಚಿತ್ರ ಯಾವ ಕೊರತೆಯನ್ನೂ ಮಾಡಿಲ್ಲ. ಕೆಟ್ಟ ಮನೆ, ಕೆಟ್ಟ ಜನ, ಕೊನೆಗೆ ಅವಳನ್ನು ಹುಡುಕಿ ಹೊರಡುವ ಒಬ್ಬ ಒಳ್ಳೆಯ ಗಂಡಸು. ಹೀಗೆ ಕೆಟ್ಟದ್ದಕ್ಕೊಂದು ಮುಖ, ಒಳ್ಳೆಯದಕ್ಕೊಂದು ಮುಖ ಸಿಕ್ಕಿದ ಮೇಲೆ ನೋಡುವ ನಾವು ನಿರಾಳವಾಗಿ ಮನೆಗೆ ಹೋಗಬಹುದು. ಆ ಕೆಟ್ಟವರು ನಾವಲ್ಲವಲ್ಲ!

ನನ್ನ ತಂಗಿಯ ಕಥೆಯಲ್ಲಿ ಅಂಥ ಮುಖ ಸಿಗುವುದಿಲ್ಲ. ಅವಳ ಮಾತನ್ನೇ ಹೇಳುತ್ತೇನೆ: “ಅವ್ರ್ ಕೆಟ್ಟ ಜನ ಅಲ್ಲ ಅಕ್ಕ. ನಾನ್ ಬಂದದ್ದೇ ಮನೆಕೆಲ್ಸಕ್ಕೆ ಅಂದೇಳಿ ಅವ್ರ್ ತಿಳ್ಕಂಡಿದ್ರ್.” ಅವಳನ್ನು ಕರೆಸಿಕೊಳ್ಳಲು ಆ ಮನೆಯವರೂ ಅಲ್ಲಿನ ಕಚೇರಿಯೊಂದಕ್ಕೆ ಹಣ ಕಟ್ಟಿದ್ದರು. ಇಲ್ಲಿ ಇವಳೂ ಕಟ್ಟಿದ್ದಳು. ಇಬ್ಬರ ಹಣವೂ ನಡುವಿನವರ ಕೈ ಸೇರಿತ್ತು. ಹೊಲಿಗೆ ಅಂಗಡಿ ಎಲ್ಲಿ ಎಂದು ಇವಳು ಕೇಳಿದಾಗ ಯಜಮಾನಿ ಕಂಗಾಲಾದರಂತೆ, ತಮಗೂ ಮೋಸವಾಯಿತೇನೋ ಎಂದು. ಬೆಳಗಿನ ಐದಕ್ಕೆ ಎದ್ದು ರಾತ್ರಿ ಹನ್ನೊಂದರ ತನಕ ಕೆಲಸ, ಹೇಳಿದ್ದರ ಅರ್ಧ ಸಂಬಳ, ಎರಡು ವರ್ಷದಲ್ಲಿ ಬಾಗಿಲಾಚೆ ಹೋದದ್ದು ಎಣಿಸಿದಷ್ಟು ಸಲ. ಹೊಡೆಯಲಿಲ್ಲ, ಬಯ್ಯಲಿಲ್ಲ. ಹಬ್ಬಕ್ಕೆ ಬಟ್ಟೆ ಕೊಟ್ಟರು. ಅವರ ಮಗಳ ಅಂಗಿಯ ಹೊಲಿಗೆ ಬಿಟ್ಟಾಗ ಇವಳು ಕೈಯಲ್ಲೇ ಹಾಕಿಕೊಟ್ಟಳು. ಹೊಲಿಗೆಯವಳಾಗಿ ಕುವೈತ್‌ನಲ್ಲಿ ಅವಳು ಮಾಡಿದ ಕೆಲಸ ಅದೊಂದೇ. 2014ರಲ್ಲಿ ಬಂದಾಗ ಜಗಲಿಯ ಮಿಷನ್‌ಗೆ ತುಕ್ಕು ಹಿಡಿದಿತ್ತು.

ಇಂಥ ಕಥೆಯನ್ನು ಯಾರು ಸಿನೆಮಾ ಮಾಡುತ್ತಾರೆ? ಇದರಲ್ಲಿ ರಕ್ತವಿಲ್ಲ, ಓಟವಿಲ್ಲ. ಆದರೆ ನಮ್ಮ ಕಡೆಯಿಂದ ಹೋಗಿಬಂದ ಹೆಂಗಸರನ್ನು ಕೂರಿಸಿಕೊಂಡು ಕೇಳಿ ನೋಡಿ. ನನ್ನ ಕಿವಿಗೆ ಬಿದ್ದ ಕಥೆಗಳಲ್ಲಿ ಹೆಚ್ಚಿನವು ಅಶ್ವತಿಯ ಕಥೆಯ ಹಾಗಿರಲಿಲ್ಲ, ನನ್ನ ತಂಗಿಯ ಕಥೆಯ ಹಾಗಿದ್ದವು. ಹಿಂಸೆಯ ಕಥೆಯನ್ನೇ ನೋಡಿ ನೋಡಿ, ಹೊಡೆತ ಬೀಳದಿದ್ದರೆ ಅನ್ಯಾಯವೇ ಆಗಿಲ್ಲ ಎಂದು ನಂಬುವ ಸ್ಥಿತಿಗೆ ನಾವು ಬಂದಿದ್ದೇವೆ. “ಹೊಡೀಲಿಲ್ಲ ಅಲ್ವಾ, ಬಿಡು” ಎಂದು ನಮ್ಮ ಬಂಧುಗಳೇ ಅವಳಿಗೆ ಹೇಳಿದರು. ನಾನೂ ಒಮ್ಮೆ ಹೇಳಿರಬೇಕು.

ಮೂರನೆಯದು ಮಹೇಶ್ ನಾರಾಯಣನ್ ಅವರ ‘ಟೇಕ್ ಆಫ್’, 2017ರದ್ದು. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದು, ಜುಲೈ 5ರಂದು ಕೊಚ್ಚಿಗೆ ಬಂದಿಳಿದ 46 ಮಂದಿ ನರ್ಸುಗಳ ಪ್ರಸಂಗ ಅದಕ್ಕೆ ಆಧಾರ. ಪಾರ್ವತಿ ಸಮೀರಾ ಎಂಬ ನರ್ಸ್ ಆಗಿದ್ದಾರೆ. ಈ ಮೂರರಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಇದರ ಮೊದಲ ಅರ್ಧ. ಸಮೀರಾ ಓದಿದವಳು, ದುಡಿಯುವವಳು, ಸಾಲದ ಲೆಕ್ಕ ಇಟ್ಟವಳು. ಕೆಲಸದ ಕಾಗದ ಅವಳಿಗೆ ವರವಲ್ಲ, ಸಾಲ ತೀರಿಸುವ ಸಾಧನ. ಯುದ್ಧದ ಸುದ್ದಿ ಗೊತ್ತಿದ್ದೂ ಯಾಕೆ ಹೋಗುತ್ತಾರೆ, ಹೋದವರು ಬಾಂಬಿನ ನಡುವೆಯೂ ತಟ್ಟನೆ ಯಾಕೆ ಹೊರಟುಬರುವುದಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ: ಬರಿಗೈಯಲ್ಲಿ ಬಂದರೆ ಮನೆಯ ಬಾಗಿಲಲ್ಲಿ ಸಾಲಗಾರ ನಿಂತಿರುತ್ತಾನೆ. ಎರಡನೆಯ ಅರ್ಧದಲ್ಲಿ ಬಂದೂಕು, ಬಾವುಟ, ಅಧಿಕಾರಿಗಳ ಸಾಹಸ ಬರುತ್ತವೆ. ಚಿತ್ರ ಬಿಗಿಯಾಗುತ್ತದೆ ನಿಜ, ಆದರೆ ಲೆಕ್ಕ ಇಟ್ಟವಳು ಅಲ್ಲಿ ರಕ್ಷಣೆಗೆ ಕಾಯುವವಳಾಗುತ್ತಾಳೆ. ಹಿಂದಿರುಗಿದ ಮೇಲೆ ಆ ಸಾಲ ಏನಾಯಿತು ಎಂದು ತಿಳಿಯಲು ನಾನು ಕಾದೆ.

‘ಕಾಗದವನ್ನು ಸಿನೆಮಾ ಮಾಡಲಾಗುತ್ತದೆಯೇ? ಜನ ಟಿಕೆಟ್ ಕೊಂಡು ಬರುವುದು ಅರ್ಜಿ ಓದಲಿಕ್ಕಲ್ಲ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಹಳೆಯ ಕನ್ನಡ ಚಿತ್ರಗಳಲ್ಲಿ ಉಯಿಲು ಓದುವ ದೃಶ್ಯಕ್ಕೆ ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿದು ಕೂರುತ್ತಿತ್ತು. ಹೆಬ್ಬೆಟ್ಟು ಒತ್ತುವ ಅಪ್ಪನನ್ನು ನೋಡಿ ಅತ್ತಿದ್ದೇವೆ. ಸಾಹುಕಾರನ ಕಾಗದ ನಮಗೆ ನಾಟಕವಾಗಿ ಕಂಡಿತು. ಏಜೆಂಟನ ಕಾಗದ ಯಾಕೆ ಕಾಣಲಿಲ್ಲ ಎಂದರೆ, ಹೆಬ್ಬೆಟ್ಟಿನ ಕಾಲ ಮುಗಿಯಿತು, ನಾವೆಲ್ಲ ಓದುಬರಹ ಬಲ್ಲವರು ಎಂಬ ಭ್ರಮೆ.

ಸರ್ಕಾರಕ್ಕೂ ಇದೇ ಭ್ರಮೆಯಿದೆ. 1983ರ ವಲಸೆ ಕಾಯ್ದೆಯ ಕೆಳಗೆ, ಹತ್ತನೆಯ ತರಗತಿ ಪಾಸಾಗದವರು ಗಲ್ಫ್ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಕರಾರುಪತ್ರ ತೋರಿಸಿ ಅನುಮತಿ ಪಡೆಯಬೇಕೆಂಬ ನಿಯಮ ಬಂತು. ಅಂಥ ಹೆಂಗಸರು ಮನೆಗೆಲಸಕ್ಕೆ ಹೋಗಲು ಮೂವತ್ತು ವರ್ಷ ತುಂಬಿರಬೇಕು ಎಂದಾಯಿತು. 2016ರಿಂದ ಅವರನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕೆಂದಾಯಿತು. ಈ ರಕ್ಷಣೆಗಳಲ್ಲಿ ತೂತುಗಳಿಲ್ಲವೆಂದಲ್ಲ. ಪ್ರವಾಸದ ವೀಸಾದಲ್ಲಿ ಕಳಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಆ ಅನುಮತಿಯ ಅಗತ್ಯವೇ ಇಲ್ಲ. ನನ್ನ ತಂಗಿ ಎರಡನೆಯ ದರ್ಜೆಯಲ್ಲಿ ಪಾಸಾದವಳು. ಅವಳ ಪಾಸ್‌ಪೋರ್ಟ್ ನೋಡಿ ಯಾವ ಅಧಿಕಾರಿಯೂ ಅವಳ ಕರಾರುಪತ್ರ ಕೇಳಲಿಲ್ಲ. ಓದಬಲ್ಲವಳು, ತಾನೇ ಓದಿಕೊಂಡಿರುತ್ತಾಳೆ ಎಂಬ ಲೆಕ್ಕ. ಅವಳು ಓದಲು ಕೊಟ್ಟದ್ದು ನನಗೆ. ನಾನು ಬಿ.ಎ., ಬಿ.ಎಡ್. ಆ ಒಂದು ಹಾಳೆಯ ಮುಂದೆ ನಾವಿಬ್ಬರೂ ಹೆಬ್ಬೆಟ್ಟಿನವರೇ.

ಆದ್ದರಿಂದಲೇ ಬೆನ್ಯಾಮಿನ್ ಅವರ ಪುಸ್ತಕ ನನಗೆ ದೊಡ್ಡದಾಗಿ ಕಾಣುತ್ತದೆ, ಅದರಿಂದ ಹುಟ್ಟಿದ ಸಿನೆಮಾ ಅದಕ್ಕಿಂತ ಚಿಕ್ಕದಾಗಿ. ಪುಸ್ತಕ ನನ್ನನ್ನು ಆರೋಪಿಗಳ ಸಾಲಿನಲ್ಲಿ ನಿಲ್ಲಿಸಿತು. ನಜೀಬನಿಗೆ ವೀಸಾ ಕೊಡಿಸಿದವನು, ಬೀಳ್ಕೊಟ್ಟವರು, ಹಣ ಹೊಂದಿಸಿದವರು ಯಾರೂ ದುಷ್ಟರಲ್ಲ. ಎಲ್ಲರೂ ಒಳ್ಳೆಯದನ್ನೇ ಬಯಸಿದವರು. ಸಿನೆಮಾ ನನ್ನನ್ನು ಅಳಿಸಿ ಮನೆಗೆ ಕಳಿಸಿತು.

ತಂಗಿ ಈಗ ಮತ್ತೆ ಹೊಲಿಯುತ್ತಾಳೆ. ಮಿಷನ್ ಹೊಸದು, ಮೋಟಾರಿನದ್ದು. ಹೊರದೇಶಕ್ಕೆ ಹೊರಟವರು ಈಗೀಗ ಅಳತೆ ಕೊಡಲು ಬಂದಾಗ ಕಾಗದವನ್ನೂ ತರುತ್ತಾರೆ. ಅವಳು ಕೇಳುವುದು ಕೆಲವೇ ಪ್ರಶ್ನೆ. ಯಾರ ಹೆಸರಲ್ಲಿ ವೀಸಾ? ಕೆಲಸ ಅಂತ ಏನು ಬರೆದಿದೆ? ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿದವನೇ, ಎಷ್ಟು ಹಣ ಕೇಳಿದ? ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಮೂವತ್ತು ಸಾವಿರ ಮತ್ತು ಅದರ ತೆರಿಗೆಯ ಮಿತಿಯಿದೆ ಎಂಬುದನ್ನು ಅವಳು ಬಾಯಿಪಾಠ ಮಾಡಿದ್ದಾಳೆ. ಅರಬ್ಬಿ ಅಂಕಿಗಳನ್ನು ಒಂದು ರಟ್ಟಿನ ಮೇಲೆ ಬರೆದು, ಪಕ್ಕದಲ್ಲಿ ಕನ್ನಡ ಅಂಕಿ ಬರೆದು, ಮಿಷನ್ನಿನ ಮೇಲೆ ಗೋಡೆಗೆ ಅಂಟಿಸಿದ್ದಾಳೆ. ನೋಡಿದವರು ಅಳತೆಯ ಪಟ್ಟಿಯೆಂದು ತಿಳಿಯುತ್ತಾರೆ.

ಕಳೆದ ತಿಂಗಳು ನೆರೆಮನೆಯ ಹುಡುಗಿ, ನರ್ಸಿಂಗ್ ಮುಗಿಸಿದವಳು, ತನ್ನ ಅಪ್ಪನ ಜೊತೆ ಬಂದಿದ್ದಳು. ಸೌದಿಯ ಆಸ್ಪತ್ರೆಯೊಂದರ ಕರಾರುಪತ್ರ. ಆ 18 ದೇಶಗಳಿಗೆ ನರ್ಸುಗಳ ನೇಮಕ 2015ರಿಂದ ಸರ್ಕಾರಿ ಸಂಸ್ಥೆಗಳ ಮೂಲಕ ಆಗಬೇಕೆಂಬ ನಿಯಮವಿದೆ, ಇದು ಯಾರ ಮೂಲಕ ಬಂತು ಎಂದು ತಂಗಿ ಮೊದಲು ಅದನ್ನೇ ಕೇಳಿದಳು. ಅಪ್ಪನಿಗೆ ಸ್ವಲ್ಪ ಬೇಸರವಾದಂತೆ ಕಂಡಿತು. “ವೀಸಾ ಬರುವ ಹೊತ್ತಿನಲ್ಲಿ...” ಎಂದು ಏನೋ ಹೇಳಲು ಹೊರಟವರು ಸುಮ್ಮನಾದರು. ತಂಗಿ ನನಗೆ ಫೋನ್ ಮಾಡಿ ಕರೆಸಿದಳು. ನಾನು ಕನ್ನಡಕ ಹಾಕಿಕೊಂಡು, ಅಭ್ಯಾಸಬಲದಿಂದ ಹೆಸರಿನ ಸ್ಪೆಲ್ಲಿಂಗ್ ಇರುವ ಕಡೆ ಬೆರಳಿಟ್ಟೆ.

“ಅದ್ ಆಮೇಲೆ ಅಕ್ಕ,” ಅಂದಳು. “ಸುರುವಿಂದ ಓದಿ. ಗಡಿಬಿಡಿ ಎಂತದೂ ಇಲ್ಲ.”

ಒಂಬತ್ತು ಪುಟವಿತ್ತು. ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳುತ್ತಾ ಹೋದೆ. ನಡುವೆ ಎರಡು ಸಲ ಚಹಾ ಆಯಿತು. ಏಳನೆಯ ಪುಟಕ್ಕೆ ಬರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಹುಡುಗಿ ಪೆನ್ಸಿಲಿನಿಂದ ಎರಡು ಕಡೆ ಗೆರೆ ಎಳೆದುಕೊಂಡಳು.